ಹಳದಿ ಉಪ್ಪಿಟ್ಟಿನ ಅಮೆರಿಕ

ನಾನು ಮೊದಲು ಕಂಡ ಅಮೆರಿಕದ ಬಣ್ಣ ಹಳದಿ. 1970ರ ದಶಕದ ಆರಂಭದಲ್ಲಿ, ತಿಪಟೂರು ತಾಲ್ಲೂಕಿನ ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕೊಪ್ಪರಿಗೆಯಲ್ಲಿ ಬೇಯುತ್ತಿದ್ದ, ಕೇರ್ ಎಂಬ ಅಮೆರಿಕದ ನೆರವು ಸಂಸ್ಥೆಯ ಉಪ್ಪಿಟ್ಟನ್ನು ನಾವು ‘ಅಮೆರಿಕದ ಉಪ್ಪಿಟ್ಟು’ ಎಂದೇ ಕರೆಯುತ್ತಿದ್ದೆವು. ಚೀಲದ ಮೇಲೆ ಕೈ ಕುಲುಕುವ ಚಿತ್ರವಿತ್ತು. ಇದು ಅಮೆರಿಕದ ಜನರು ಕೊಟ್ಟದ್ದು, ಮಾರುವಂತಿಲ್ಲ ಎಂಬ ಅರ್ಥದ ಇಂಗ್ಲಿಷ್ ಬರಹವನ್ನು ಮೇಷ್ಟ್ರು ಓದಿ ಹೇಳಿದ್ದರು. ತಾವು ತಿಂದು ಮಿಕ್ಕದ್ದನ್ನು ಹಡಗಿಗೆ ತುಂಬಿ ಇಷ್ಟು ದೂರ ಕಳುಹಿಸುವವರ ನಾಡಿನಲ್ಲಿ ಹಸಿವೆಂಬುದು ಇರಲಾರದೆಂದು ಮುತ್ತುಗದ ಎಲೆಯ ಮುಂದೆ ಕುಳಿತ ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು. ಮುಂದೆ ನೆಂಟರ ಮನೆಗಳಿಗೆ ಅಮೆರಿಕದಿಂದ ಬಂದ, ಕಾರಿಗೆ ಒರಗಿ ನಿಂತವರ ಫೋಟೋಗಳು ಆ ತೀರ್ಮಾನವನ್ನು ಇನ್ನಷ್ಟು ಗಟ್ಟಿ ಮಾಡಿದವು.

ನಿವೃತ್ತನಾದ ಮೇಲೆ ಮಗನ ಮನೆಗೆಂದು ಒಹಾಯೊ ರಾಜ್ಯದ ಕೊಲಂಬಸ್ ನಗರಕ್ಕೆ ಹೋಗಿದ್ದಾಗ, ಒಂದು ಶನಿವಾರ ಸೊಸೆ, “ಮಾವ, ಒಬ್ಬರೇ ಕೂತರೆ ಬೇಜಾರು, ನನ್ನ ಜೊತೆ ಬನ್ನಿ” ಎಂದು ಚರ್ಚೊಂದರ ಆವರಣಕ್ಕೆ ಕರೆದೊಯ್ದಳು. ಅಲ್ಲಿ ಬಡ ಕುಟುಂಬಗಳಿಗೆ ದಿನಸಿ ಹಂಚುತ್ತಿದ್ದರು. ರಸ್ತೆಯ ತಿರುವಿನವರೆಗೂ ಕಾರುಗಳು ಸಾಲಾಗಿ ನಿಂತಿದ್ದವು. ನಾನು ಅವನ್ನು ಕೊಡುವವರ ಕಾರುಗಳೆಂದೇ ತಿಳಿದಿದ್ದೆ. ಅವು ಪಡೆಯುವವರವು. ಬಸ್ಸು ಅಪರೂಪವಾದ, ಕೆಲಸದ ಜಾಗ ಹತ್ತಾರು ಮೈಲಿ ದೂರವಿರುವ ಊರಿನಲ್ಲಿ ಹಳೆಯ ಕಾರು ಸಿರಿತನದ ಗುರುತಲ್ಲ, ನಮ್ಮಲ್ಲಿ ಕೂಲಿಗೆ ಹೋಗುವವನ ಸೈಕಲ್ಲಿದ್ದ ಹಾಗೆ ಎಂದು ಸೊಸೆ ವಿವರಿಸಬೇಕಾಯಿತು.

ನನಗೆ ಕೊಟ್ಟ ಕೆಲಸ ಚೀಲವೊಂದಕ್ಕೆ ಎರಡು ಡಬ್ಬಿ ಮೆಕ್ಕೆಜೋಳದ ಕಾಳು ಹಾಕುವುದು. ಇಂಥ ಕೇಂದ್ರಗಳಿಗೆ ಅಲ್ಲಿನ ಕೃಷಿ ಇಲಾಖೆ ಕೊಂಡ ಆಹಾರವೂ ಬರುತ್ತದೆಂದು ತಿಳಿದಾಗ ನನ್ನ ಕೈ ಒಂದು ಕ್ಷಣ ನಿಂತಿತು. ರೈತರಿಗೆ ಬೆಲೆ ಕುಸಿಯದಿರಲೆಂದು ಸರ್ಕಾರ ಕೊಂಡು ಕೂಡಿಹಾಕಿದ ಧಾನ್ಯ ಉಗ್ರಾಣಗಳಲ್ಲಿ ಹಿಡಿಸದಾದಾಗಲೇ ಅಲ್ಲವೆ, 1954ರ ಪಿ.ಎಲ್. 480 ಎಂಬ ಅಮೆರಿಕದ ಆಹಾರ ನೆರವಿನ ಕಾಯ್ದೆ ಅದಕ್ಕೆ ಹೊರದೇಶಗಳ ದಾರಿ ತೋರಿಸಿದ್ದು? 1981ರಲ್ಲಿ ಇದೇ ರೀತಿ ರಾಶಿಬಿದ್ದ ಚೀಸನ್ನು ಅಧ್ಯಕ್ಷ ರೇಗನ್ ಸರ್ಕಾರ ತನ್ನದೇ ಬಡವರಿಗೆ ಹಂಚಲು ಬಿಡುಗಡೆ ಮಾಡಿತು. ಇದನ್ನು ಹೇಳಿ ಆ ಉಪ್ಪಿಟ್ಟಿನ ಋಣವನ್ನು ಅಲ್ಲಗಳೆಯುತ್ತಿಲ್ಲ. ಹಸಿದ ಹೊಟ್ಟೆಗೆ ಅದು ಊಟವೇ ಆಗಿತ್ತು. ಆದರೆ ಈ ಹಿನ್ನೆಲೆಯನ್ನು ಚೀಲದ ಮೇಲೆ ಯಾರೂ ಅಚ್ಚು ಹಾಕಿರಲಿಲ್ಲ.

ಪಕ್ಕದಲ್ಲಿ ಬ್ರೆಡ್ ಜೋಡಿಸುತ್ತಿದ್ದ, ನನ್ನದೇ ವಯಸ್ಸಿನ ಹೆಂಗಸು ನಾನು ಭಾರತದವನೆಂದು ತಿಳಿದೊಡನೆ ನಕ್ಕರು. ಚಿಕ್ಕಂದಿನಲ್ಲಿ ತಟ್ಟೆಯಲ್ಲಿ ತರಕಾರಿ ಬಿಟ್ಟರೆ, “ಭಾರತದಲ್ಲಿ ಮಕ್ಕಳು ಹಸಿದು ಕೂತಿದ್ದಾರೆ, ತಿನ್ನು” ಎಂದು ಅವರ ತಾಯಿ ಗದರುತ್ತಿದ್ದರಂತೆ. ಆ ಮಕ್ಕಳಲ್ಲಿ ನಾನೂ ಒಬ್ಬನೆಂದೂ, ನಮಗೆ ಅವರೂರಿನ ಹಿಟ್ಟಿನ ರುಚಿ ಅಷ್ಟಾಗಿ ಹಿಡಿಸಿರಲಿಲ್ಲವೆಂದೂ ಹೇಳಿದೆ. ಅವರು ಬ್ರೆಡ್ಡನ್ನು ಕೆಳಗಿಟ್ಟು ಮತ್ತಷ್ಟು ಜೋರಾಗಿ ನಕ್ಕರು.

ರಾತ್ರಿ ಊರಿಗೆ ಫೋನ್ ಮಾಡಿ, ಅದೇ ಶಾಲೆಯಲ್ಲಿ ಅದೇ ಉಪ್ಪಿಟ್ಟು ತಿಂದು ಬೆಳೆದ ತಂಗಿಗೆ ಆ ಸಾಲಿನ ಸಂಗತಿಯನ್ನು ಸವಿಸ್ತಾರವಾಗಿ ವರ್ಣಿಸಿದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, “ಸುಮ್ಮನಿರಣ್ಣ, ಕಾರಿನಲ್ಲಿ ಬಂದವರು ಬಡವರು ಹೇಗಾಗುತ್ತಾರೆ?” ಎಂದಳು.