ಸಹಿ ಇಲ್ಲದ ಹಾಜರಿ ಪಟ್ಟಿ

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಆಫೀಸಿನಲ್ಲಿ ಈಗಲೂ ಯಾರಾದರೂ ಹಾಜರಿ ಪಟ್ಟಿ ಪ್ರಿಂಟ್ ತೆಗೆದರೆ ನನ್ನ ಕಡೆ ನೋಡಿ ನಗುತ್ತಾರೆ. ನಗಲಿ ಬಿಡಿ, ತಪ್ಪು ನನ್ನದೇ.

ನಮ್ಮದು ಡಿಡಿ, ಅಂದರೆ ಡ್ಯೂ ಡಿಲಿಜೆನ್ಸ್ ಕೆಲಸ. ದುಡ್ಡು ಹಾಕುವವರ ಪರವಾಗಿ ಪ್ರಾಜೆಕ್ಟ್ ನೋಡಿ ಬಂದು ರಿಪೋರ್ಟ್ ಕೊಡಬೇಕು. ಬರುವುದೆಲ್ಲ ಸಕ್ಕರೆ ಕಾರ್ಖಾನೆ, ಎಥೆನಾಲ್, ಗಾಳಿ ವಿದ್ಯುತ್. ಚಿನ್ನದ ಗಣಿ ಬಂದದ್ದು ಅದೇ ಮೊದಲು. ಊರು, ಕಂಪನಿ ಎರಡರ ಹೆಸರೂ ಹೇಳುವ ಹಾಗಿಲ್ಲ, ಗುಟ್ಟು ಬಿಡುವುದಿಲ್ಲ ಅಂತ ಸಹಿ ಹಾಕಿದ ಎನ್‌ಡಿಎ ಕರಾರು ಇದೆ. ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಮುಟ್ಟುವಷ್ಟು ದೂರ ಅಂದುಕೊಳ್ಳಿ.

ನಮ್ಮ ಬಾಸ್‌ಗೆ ಕಾನೂನಿನ ಭಯ ಜಾಸ್ತಿ. ಗಣಿ ಕಾಯ್ದೆಗೆ (ಎಂಎಂಡಿಆರ್) 2021ರಲ್ಲಿ ಬಂದ ತಿದ್ದುಪಡಿಯಲ್ಲಿ, 10ಎ(2)(ಬಿ) ಕಲಮಿನ ಅಡಿ ಲೀಸಿಗೆ ಬಾಕಿ ಇದ್ದ ಹಳೆಯ ಹಕ್ಕುಗಳೆಲ್ಲ ಒಂದೇ ಏಟಿಗೆ ಹೋದವಲ್ಲ, ಅಂದಿನಿಂದ ಅವರಿಗೆ ರಿಸ್ಕ್ ಅಂದರೆ ಅದೊಂದೇ. ವರ್ಷಗಟ್ಟಲೆ ಡ್ರಿಲ್ ಮಾಡಿ ಲೀಸಿಗೆ ಕಾದವರಿಗೆ ಖರ್ಚು ವಾಪಸ್ ಕೊಡುವ ಮಾತು ಕಾಯ್ದೆಯಲ್ಲಿದೆ. ಗಣಿ ಮಾತ್ರ ಕೈಬಿಟ್ಟಿತು. ಹಾಗಾಗಿ ನಮ್ಮ ರಿಪೋರ್ಟಿನಲ್ಲಿ ಕಾನೂನಿಗೆ 22 ಪುಟ. ಅದಿರಿನ ಗ್ರೇಡಿಗೆ, ಅಂದರೆ ಕಲ್ಲಿನಲ್ಲಿ ಎಷ್ಟು ಚಿನ್ನ ಅನ್ನುವುದಕ್ಕೆ, ಇನ್ನೂ ಹತ್ತು. 'ಲೋಕಲ್ ಸೆಂಟಿಮೆಂಟ್' ಅಂತ ಒಂದು ಸಾಲು, ಪಕ್ಕದಲ್ಲಿ ಬಣ್ಣ ತುಂಬುವ ಒಂದು ಸೆಲ್. ಹಸಿರು, ಹಳದಿ, ಕೆಂಪು. ಆ ಸೆಲ್ ನನ್ನ ಪಾಲಿಗೆ ಬಂತು.

ಹೋದದ್ದು ಗಣಿ ಕಂಪನಿಯ ಬೊಲೆರೊದಲ್ಲಿ. ಅದೇ ಮೊದಲನೇ ಪೆದ್ದತನ, ಆದರೆ ಆಗ ಟ್ಯಾಕ್ಸಿ ಬಿಲ್ ಉಳಿಯಿತು ಅಂತ ಖುಷಿಯಾಗಿತ್ತು. ಪಂಚಾಯಿತಿ ಹಾಲ್‌ನಲ್ಲಿ ಮೀಟಿಂಗ್. 38 ಜನ ಎಣಿಸಿದೆ. ಊರವರ ಜೊತೆ ಮಾತುಕತೆಗೆ ಕಂಪನಿ ಇಟ್ಟ ಲಯಸನ್ ಹುಡುಗ ಮಾತಾಡಿದ. ಒಂದು ಟನ್ ಕಲ್ಲು ಅರೆದರೆ 2-3 ಗ್ರಾಂ ಚಿನ್ನ, ಇಷ್ಟು ಜನರಿಗೆ ನೌಕರಿ, ಊರಿನ ಕೆಲಸಕ್ಕೆ ಇಷ್ಟು ಸಿಎಸ್‌ಆರ್ ದುಡ್ಡು. ಉಳಿದ ಕಲ್ಲಿನ ಪುಡಿ ಎಲ್ಲಿಗೆ ಹೋಗುತ್ತದೆ, ಸೈನೈಡ್ ಹಾಕಿದ ನೀರು ಎಲ್ಲಿ ನಿಲ್ಲುತ್ತದೆ ಅಂತ ಅವನೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಎಲ್ಲರೂ ಸುಮ್ನೆ ಕೂತಿದ್ದರು.

ಕೊನೆಗೆ ಹಾಜರಿ ಪಟ್ಟಿ ತಿರುಗಿಸಿದೆ. ಮುಂದಿನ ಸಾಲಿನ ಹಿರಿಯರೊಬ್ಬರು ಪೆನ್ನು ಮುಟ್ಟದೆ ಪಕ್ಕಕ್ಕೆ ದಾಟಿಸಿದರು.

"ಅಜ್ಜಾರ, ಸಹಿ?"

"ಬಂದೀವಲ್ರಿ ಸರ. ನೀವ ಬರ್ಕೋರಿ, ಬಂದಿದ್ರು ಅಂತ."

ಹಾಳೆ ಕೈಯಿಂದ ಕೈಗೆ ಹೋಗಿ ಹಾಲ್ ಸುತ್ತಿ ಬಂತು. 6 ಸಹಿ. ನಾನು ಅದನ್ನು ಮಡಚಿ ಬ್ಯಾಗಿಗೆ ಹಾಕಿದೆ. ಸಂಜೆ ಲಾಡ್ಜ್‌ನಲ್ಲಿ ಕೂತು 'ಸಭೆ ಶಾಂತವಾಗಿ ನಡೆಯಿತು, ವಿರೋಧ ಕಂಡುಬರಲಿಲ್ಲ' ಅಂತ ಬರೆದು ಸೆಲ್‌ಗೆ ಹಸಿರು ತುಂಬಿದೆ. ಇಡೀ ಮಧ್ಯಾಹ್ನ ಆ ಊರಿನಲ್ಲಿ ನಮಗೆ ಒಂದು ಕಪ್ ಚಾ ಯಾರೂ ಕೊಟ್ಟಿರಲಿಲ್ಲ. ನಮ್ಮ ಸೀಮೆಯ ಹಳ್ಳಿಯಲ್ಲಿ! ಅದು ತಲೆಗೆ ಹೋಗಿದ್ದು ಬಹಳ ದಿನಗಳಾದ ಮೇಲೆ.

ಸೋಮವಾರ ಮುಂಬೈನವರ ಜೊತೆ ಕಾಲ್. ಇನ್ವೆಸ್ಟರ್ ಕಡೆಯ ಮೇಡಂ ಕಾನೂನಿನ 22 ಪುಟ ಮುಟ್ಟಲೇ ಇಲ್ಲ. ನೇರ ಅನೆಕ್ಸರ್‌ಗೆ ಬಂದರು.

"38 ಜನ ಅಂತ ಬರೆದಿದ್ದೀರಿ. ಸಹಿ 6 ಇವೆಯಲ್ಲ?"

"ಉಳಿದವರಿಗೆ ಬರೆಯಲು ಬರಲ್ಲ ಮೇಡಂ." ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ಹೆಬ್ಬೆಟ್ಟೂ ಇಲ್ಲ."

ನಾನು ಸ್ಕ್ರೀನ್ ನೋಡಿದೆ. ಬಾಸ್ ಮ್ಯೂಟ್ ಆಗಿದ್ದರು. ಕ್ಯಾಮೆರಾ ಕೂಡ ಆಫ್.

"ಈ 6 ಜನ ಯಾರು?"

ನಾಲ್ವರು ಪಂಚಾಯಿತಿ ಸಿಬ್ಬಂದಿ. ಒಬ್ಬ ಲಯಸನ್ ಹುಡುಗ. ಆರನೆಯದನ್ನು ನಾನೂ ಆಗಲೇ ಸರಿಯಾಗಿ ನೋಡಿದ್ದು. ನಮ್ಮ ಬೊಲೆರೊ ಡ್ರೈವರ್. ಹೇಳಿದೆ. ಆ ಕಡೆಯಿಂದ ಯಾರೋ ನಕ್ಕದ್ದು ಕೇಳಿಸಿತು. ಆಮೇಲೆ ಪೂರ್ತಿ ಮೌನ. ಎಷ್ಟು ಹೊತ್ತೋ, ನನಗಂತೂ ಹನುಮಂತನ ಬಾಲದಷ್ಟು ಉದ್ದ ಅನಿಸಿತು.

"ಒಂದು ಮಾತು," ಅಂದರು ಮೇಡಂ. "ನಿಮ್ಮ ರಿಪೋರ್ಟಿನಲ್ಲಿ ರೊಮೇನಿಯಾದ ರೋಷಿಯಾ ಮೊಂಟಾನಾ ಚಿನ್ನದ ಗಣಿ ಬಗ್ಗೆ ಅರ್ಧ ಪುಟ ಇದೆ. ಗದಗ ಎಲ್ಲಿ?"

ರೊಮೇನಿಯಾ ನಮ್ಮ ಟೆಂಪ್ಲೇಟಿನಲ್ಲೇ ಇತ್ತು. 2013ರಲ್ಲಿ ಸಾವಿರಾರು ಜನ ಬೀದಿಗಿಳಿದರು, ಗಣಿ ಆಗಲಿಲ್ಲ, ಕಂಪನಿ ಪರಿಹಾರ ಕೇಳಿ ಹಾಕಿದ ಕೇಸನ್ನೂ 2024ರಲ್ಲಿ ಸೋತಿತು. ಅದೆಲ್ಲ ಬಾಯಿಪಾಠ. ಗದಗ ಪಕ್ಕದಲ್ಲೇ ಇದೆ. ಹಳ್ಳಿಗುಡಿಯಲ್ಲಿ ಪೋಸ್ಕೊ ಕಂಪನಿಯ ಉಕ್ಕಿನ ಕಾರ್ಖಾನೆ ವಿರುದ್ಧ ರೈತರು, ತೋಂಟದ ಸಿದ್ಧಲಿಂಗ ಸ್ವಾಮೀಜಿ ಎದ್ದು ನಿಂತದ್ದು 2011ರಲ್ಲಿ. 2013ರಲ್ಲಿ ಪೋಸ್ಕೊ ಕರ್ನಾಟಕ ಬಿಟ್ಟಿತು. ಕಪ್ಪತಗುಡ್ಡದ ಕೆಳಗಂತೂ ಚಿನ್ನವೇ ಇದೆ. ಅದರ ಸಂರಕ್ಷಿತ ಪಟ್ಟ 2016ರಲ್ಲಿ ತೆಗೆದರು. ಜನ ಗದಗಿನಲ್ಲಿ ಧರಣಿ ಕೂತರು. 2017ರಲ್ಲಿ ಪಟ್ಟ ವಾಪಸ್ ಬಂತು, 2019ರಲ್ಲಿ ವನ್ಯಜೀವಿಧಾಮವೇ ಆಯಿತು. ಇಷ್ಟೆಲ್ಲ ಪೇಪರಿನಲ್ಲಿ ಓದಿದವನು ನಾನು. ರಿಪೋರ್ಟಿನಲ್ಲಿ ಒಂದಕ್ಷರ ಇಲ್ಲ.

ಇನ್ವೆಸ್ಟರ್‌ಗೆ ಇದು ದಯೆ ಧರ್ಮದ ಪ್ರಶ್ನೆ ಅಲ್ಲ. ಮೂರು ವರ್ಷ ತಡ ಆದರೆ, ವರ್ಷಕ್ಕೆ ಶೇಕಡಾ 10ರ ಬಡ್ಡಿ ಲೆಕ್ಕದಲ್ಲಿ, ಇವತ್ತಿನ 100 ರೂಪಾಯಿ ಲಾಭದ ಬೆಲೆ 75ಕ್ಕೆ ಇಳಿಯುತ್ತದೆ. ಗಣಿ ಶುರುವಾಗದ ಕಂಪನಿಗೆ ಬೇರೆ ಆದಾಯ ಇರುವುದಿಲ್ಲ. ಸಂಬಳ ಕೊಡಲು ಮತ್ತೆ ಷೇರು ಮಾರಬೇಕು, ಮೊದಲು ದುಡ್ಡು ಹಾಕಿದವನ ಪಾಲು ತೆಳ್ಳಗಾಗುತ್ತದೆ. ಪರಿಸರ ಅನುಮತಿಗೆ (ಇಸಿ) ಮುಂಚೆ ಡಿಸಿ ಎದುರು, ವಿಡಿಯೋ ಕ್ಯಾಮೆರಾ ಎದುರು ಪಬ್ಲಿಕ್ ಹಿಯರಿಂಗ್ ಆಗಲೇಬೇಕು. ಹಾಲ್‌ನಲ್ಲಿ ಸುಮ್ನೆ ಕೂತ ಆ ಜನ ಅಲ್ಲಿ ಬಾಯಿ ಬಿಡುತ್ತಾರೆ. ಇದನ್ನೆಲ್ಲ ನಾನೇ ಜೂನಿಯರ್‌ಗಳಿಗೆ ಪಾಠ ಮಾಡುತ್ತೇನೆ!

ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ನಾನು ಬಾಗಲಕೋಟೆಯವನು, ಮುಳುಗಡೆ ಮನೆಯವನು. ಆಲಮಟ್ಟಿ ಹಿನ್ನೀರಿನಲ್ಲಿ ನಮ್ಮ ಮನೆ ಹೋಯಿತು, ನಾನು ಬೆಳೆದದ್ದು ನವನಗರದಲ್ಲಿ. ಸರ್ವೆಗೆ ಬಂದವರು "ಹೆಸರು ಬರೆದುಕೊಳ್ಳುವುದಕ್ಕೆ ಅಷ್ಟೇ" ಅಂತ ನಮ್ಮ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರಂತೆ. ಪರಿಹಾರ ಕಡಿಮೆ ಆಯಿತು ಅಂತ ಕೇಳಲು ಹೋದಾಗ ಅದೇ ಹಾಳೆ ತೋರಿಸಿ "ನೀವೇ ಒಪ್ಪೀರಲ್ಲ" ಅಂದರಂತೆ. ಆಮೇಲೆ ಅಜ್ಜಿ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವುದಕ್ಕೂ ಜಗಳ ಮಾಡುತ್ತಿದ್ದಳು. ಆ ಕಥೆ ನೂರು ಸಲ ಕೇಳಿದವನ ಕೈಗೆ 32 ಜನ ಖಾಲಿ ಹಾಳೆ ವಾಪಸ್ ಕೊಟ್ಟರು. ನಾನು ಅದಕ್ಕೆ ಹಸಿರು ಬಳಿದೆ.

ಮುಂದಿನ ವಾರ ಕೆಂಪು ಬಸ್ಸಿನಲ್ಲಿ ಒಬ್ಬನೇ ಹೋದೆ. ಎರಡು ದಿನ ಬಸ್ ಸ್ಟ್ಯಾಂಡ್ ಎದುರಿನ ಚಾ ಅಂಗಡಿಯಲ್ಲಿ ಕೂತೆ. ಯಾರ ಕಡೆಯವನು ಅಂತ ಮುಚ್ಚಿಡಲಿಲ್ಲ. ಮೊದಲ ದಿನ ಯಾರೂ ಮಾತಾಡಲಿಲ್ಲ. ಎರಡನೇ ದಿನ ಅದೇ ಹಿರಿಯರು ಬಂದು ಪಕ್ಕದಲ್ಲಿ ಕೂತರು.

"ಈ ಸಲ ಹಾಳಿ ತಂದಿಲ್ಲೇನ್ರಿ?"

"ಇಲ್ರಿ ಅಜ್ಜಾರ."

"ಹಂಗಾದ್ರ ಕೇಳ್ರಿ," ಅಂತ ಶುರು ಮಾಡಿದರು. ಕೆರೆ, ಬೋರ್‌ವೆಲ್ ಎಷ್ಟು ಅಡಿಗೆ ಹೋಗಿದೆ, ಯಾರ ಹೊಲ ಯಾರ ಹೆಸರಿನಲ್ಲಿ ಖರೀದಿ ಆಗುತ್ತಿದೆ, ಮಠದಲ್ಲಿ ಎಷ್ಟು ಸಲ ಸಭೆ ಸೇರಿದ್ದಾರೆ. ನನ್ನ ಒಂದು ಸಾಲು ಐದು ಪುಟ ಆಯಿತು, ಸೆಲ್ ಕೆಂಪಾಯಿತು. ಮುಂಬೈನವರು ಸದ್ಯ ದುಡ್ಡು ಹಾಕಿಲ್ಲ, ಹಿಯರಿಂಗ್ ಆಗಲಿ ನೋಡೋಣ ಅಂದಿದ್ದಾರೆ. ಟೆಂಪ್ಲೇಟಿನಲ್ಲಿ ಇವತ್ತಿಗೂ ಅದೇ ಒಂದು ಸಾಲು ಇದೆ. ಬದಲಾಯಿಸಲು ಹೆಡ್ ಆಫೀಸ್ ಪರ್ಮಿಷನ್ ಬೇಕಂತೆ.

ಎರಡು ದಿನದ ಚಾ, ಮಿರ್ಚಿ ಭಜಿ ಸೇರಿ 340 ರೂಪಾಯಿ ಆಗಿತ್ತು. ವೋಚರ್ ಹಾಕಿದೆ. ಅಕೌಂಟ್ಸ್‌ನಿಂದ ವಾಪಸ್ ಬಂತು. ಚಾ ಅಂಗಡಿಯವನ ಸಹಿ ಇಲ್ಲವಂತೆ.