ಸಲೆಯಿಂದ ಹೊರಟ ಹುಡುಗರು

ಮೊರಾಕೊದ ರಾಜಧಾನಿ ರಬಾತ್‌ನಲ್ಲಿ ಟ್ರಾಮ್ ಹತ್ತಿ ಬೂ ರೆಗ್ರೆಗ್ ನದಿ ದಾಟಿದರೆ ಸಲೆ ಸಿಗುತ್ತದೆ. ಮೊರಾಕೊದ ಫುಟ್‌ಬಾಲ್ ಬಗ್ಗೆ ಊರಿನಿಂದ ಯಾರೇ ಕೇಳಲಿ, ನಾನು ಈ ಊರಿನ ಹೆಸರನ್ನೇ ಮೊದಲು ಹೇಳುತ್ತೇನೆ.

2022ರ ವಿಶ್ವಕಪ್ ಸೆಮಿಫೈನಲ್‌ಗೆ ಹೋದ ಮೊರಾಕೊ ತಂಡದಲ್ಲಿ 26 ಜನ ಇದ್ದರು. ಅವರಲ್ಲಿ 14 ಮಂದಿ ಹುಟ್ಟಿದ್ದು ಬೇರೆ ದೇಶಗಳಲ್ಲಿ. ಅಶ್ರಫ್ ಹಕೀಮಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿದವರು. ಅಮ್ಮ ಮನೆಗೆಲಸ ಮಾಡಿ, ಅಪ್ಪ ಬೀದಿಯಲ್ಲಿ ವ್ಯಾಪಾರ ಮಾಡಿ ಸಾಕಿದರು. ಅವರ ಕಥೆ ನಿಮಗೆ ಗೊತ್ತೇ ಇರುತ್ತದೆ. ಇಲ್ಲೇ ಹುಟ್ಟಿ ಹೊರಗೆ ಹೋದವರ ಕಥೆ ಅಷ್ಟಾಗಿ ಯಾರೂ ಹೇಳುವುದಿಲ್ಲ.

ದೊರೆ ಆರನೇ ಮೊಹಮ್ಮದರ ಹೆಸರಿನ ಫುಟ್‌ಬಾಲ್ ಅಕಾಡೆಮಿ ಇರುವುದು ಸಲೆಯಲ್ಲಿ. ಉದ್ಘಾಟನೆ ಆಗಿದ್ದು 2010ರಲ್ಲಿ. ಮೈದಾನ, ಹಾಸ್ಟೆಲ್, ಶಾಲೆ ಎಲ್ಲ ಒಂದೇ ಕಡೆ. ಆ ಶಾಲೆ ಇದೆಯಲ್ಲ, ನನ್ನ ಪ್ರಕಾರ ಅದೇ ದೊಡ್ಡ ವಿಷಯ. ಆಟ ಕೈಕೊಟ್ಟರೂ ಓದು ಕೈಬಿಡುವುದಿಲ್ಲ. ಇಂಥ ಅಕಾಡೆಮಿ ಬೇಕು ಎನ್ನಲು ಇನ್ನೊಂದು ಕಾರಣವೂ ಇದೆ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದಂತೆ 18 ತುಂಬದ ಹುಡುಗನನ್ನು ಬೇರೆ ದೇಶದ ಕ್ಲಬ್ ಸುಮ್ನೆ ಕರೆದುಕೊಂಡು ಹೋಗುವಂತಿಲ್ಲ. ಯುರೋಪಿನ ಹುಡುಗರಿಗೆ ಯುರೋಪಿನೊಳಗೆ 16ಕ್ಕೇ ಬಾಗಿಲು ತೆರೆಯುತ್ತದೆ. ಇಲ್ಲಿನವರು ಕಾಯಬೇಕು. ಆ ಕಾಯುವ ವರ್ಷಗಳಲ್ಲಿ ಒಳ್ಳೆಯ ಕೋಚ್, ಒಳ್ಳೆಯ ಊಟ, ಒಳ್ಳೆಯ ಮೈದಾನ ಸಿಗದಿದ್ದರೆ ಮುಗಿಯಿತು.

ಅಜ್ಜೆದಿನ್ ಉನಾಹಿಯನ್ನೇ ನೋಡಿ. ಕಾಸಾಬ್ಲಾಂಕಾದ ಹುಡುಗ. ಅಕಾಡೆಮಿಯಿಂದ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಹೋದರು, ಅದೂ ಎರಡನೇ ತಂಡಕ್ಕೆ. ಅಲ್ಲಿ ಮೇಲೆ ಬರಲಾಗಲಿಲ್ಲ. ಆಮೇಲೆ ನಾರ್ಮಂಡಿಯ ಆವ್ರಾಂಶ್ ಎಂಬ ಪುಟ್ಟ ಊರು, ಮೂರನೇ ದರ್ಜೆಯ ಲೀಗ್. ಟಿವಿಯಲ್ಲಿ ಮುಖ ಕಾಣುವ ಜಾಗವಲ್ಲ ಅದು. 2021ರಲ್ಲಿ ಆಂಜೆ ಕ್ಲಬ್ ಕರೆಯಿತು. ಮರುವರ್ಷ ಕತಾರ್ ವಿಶ್ವಕಪ್‌ನಲ್ಲಿ ಮೊರಾಕೊ ಎದುರು ಸ್ಪೇನ್ ಸೋತ ಮೇಲೆ, ಆ ತಂಡದ ಕೋಚ್ ಲೂಯಿಸ್ ಎನ್ರಿಕೆ ಮೊರಾಕೊದ 8ನೇ ನಂಬರಿನವನು ಎಲ್ಲಿಂದ ಬಂದ ಎಂದು ಬೆರಗಾದರು. ಹೆಸರೂ ಅವರಿಗೆ ನೆನಪಾಗಲಿಲ್ಲ!

ಅದೇ ಅಕಾಡೆಮಿಯ ಯೂಸುಫ್ ಎನ್-ನೆಸಿರಿ ಫೆಸ್ ಊರಿನವರು. ಸ್ಪೇನಿನ ಕ್ಲಬ್‌ಗಳಾದ ಮಾಲಗಾ, ಲೆಗಾನೆಸ್, ಸೆವಿಯಾ ಎಂದು ಒಂದೊಂದೇ ಮೆಟ್ಟಿಲು ಹತ್ತಿದರು. ಅದೇ ವಿಶ್ವಕಪ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಪೋರ್ಚುಗಲ್ ವಿರುದ್ಧ ಗಾಳಿಯಲ್ಲಿ ಹಾರಿ ತಲೆಯಿಂದ ಗೋಲು ಹೊಡೆದವರು ಇವರೇ.

2025ರ ಅಕ್ಟೋಬರ್‌ನಲ್ಲಿ 20 ವರ್ಷದೊಳಗಿನವರ ವಿಶ್ವಕಪ್ ಫೈನಲ್ ಚಿಲಿಯಲ್ಲಿ ನಡೆಯಿತು. ಇಲ್ಲಿ ಆಗ ಮಧ್ಯರಾತ್ರಿ. ನಮ್ಮ ಬೀದಿಯ ಕೆಫೆಯಲ್ಲಿ ಕೂರಲು ಜಾಗವಿಲ್ಲ, ಪುದೀನ ಚಹಾ ಗ್ಲಾಸಿನಲ್ಲೇ ಆರುತ್ತಿತ್ತು. ಅಕಾಡೆಮಿಯಲ್ಲಿ ಬೆಳೆದು ಪೋರ್ಚುಗಲ್‌ನ ಫಮಲಿಕಾವ್ ಕ್ಲಬ್ ಸೇರಿದ್ದ ಯಾಸಿರ್ ಜಬೀರಿ ಎರಡು ಗೋಲು ಹೊಡೆದರು. ಅರ್ಜೆಂಟೀನಾ ಸೋತಿತು. ಪಕ್ಕದಲ್ಲಿದ್ದ ಅಜ್ಜ ಗುರುತು ಪರಿಚಯವಿಲ್ಲದ ನನ್ನ ಹಣೆಗೆ ಮುತ್ತಿಟ್ಟರು.

ಎಲ್ಲರಿಗೂ ಹೀಗಾಗುವುದಿಲ್ಲ. ಯುರೋಪಿನಲ್ಲಿ ಟ್ರಯಲ್ಸ್ ಕೊಡಿಸುತ್ತೇವೆಂದು ಮನೆಯವರಿಂದ ದುಡ್ಡು ಕೀಳುವ ಏಜೆಂಟರು ಇಲ್ಲೂ ಇದ್ದಾರೆ. ಗಲ್ಫ್ ಕೆಲಸದ ಹೆಸರಲ್ಲಿ ನಮ್ಮವರು ಮೋಸ ಹೋಗುವುದಿಲ್ವಾ, ಹಾಗೆಯೇ. ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಹಾಗೆ ನೋಡಿದರೆ ಇವರು ಹೊರಟು ನಿಲ್ಲುವುದು ಯುರೋಪಿಗೆ ಮಾತ್ರ ಅಲ್ಲ. ರಬಾತ್‌ನ ಸೇನಾ ತಂಡದಲ್ಲಿ ಆಡಿದ್ದ ಅಲಾಉದ್ದೀನ್ ಅಜಾರೈ ಗುವಾಹಟಿಯ ನಾರ್ತ್‌ಈಸ್ಟ್ ಯುನೈಟೆಡ್ ಸೇರಿ, 2024-25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) 23 ಗೋಲು ಹೊಡೆದರು. ಗುವಾಹಟಿ ನಿಮ್ಮೂರಿಗೆ ಹತ್ತಿರವಾ ಎಂದು ಇಲ್ಲಿನವರು ನನ್ನನ್ನು ಕೇಳುತ್ತಾರೆ. ಬೆಂಗಳೂರಿನಿಂದ ರೈಲಿನಲ್ಲಿ ಎರಡು ದಿನಕ್ಕಿಂತ ಜಾಸ್ತಿ ಎಂದರೆ ನಂಬುವುದೇ ಇಲ್ಲ.