ಶೇಂಗಾ ಚಟ್ನಿ ಮತ್ತು ಗುಲಾಬಿ ಪ್ಲೇಟು

ಮಗಳಿಗೆ ಎಂಟು ತುಂಬಿತು. ಮೇಲಿನ ಮುಂಭಾಗದ ಹಲ್ಲೊಂದು ಕೆಳಹಲ್ಲಿನ ಹಿಂದೆ ಇಳಿದಿತ್ತು. "ಹಾಲುಹಲ್ಲೆಲ್ಲ ಬೀಳಲಿ, ಆಮೇಲೆ ನೋಡೋಣ" ಎಂದು ವರ್ಷ ತಳ್ಳಿದವಳು ನಾನೇ. ವಿಜಯಪುರದ ದಂತವೈದ್ಯರು ಬೈಯಲಿಲ್ಲ, ಕನ್ನಡಿ ಹಿಡಿದರು: ಕಚ್ಚಿದಾಗಲೆಲ್ಲ ಕೆಳಹಲ್ಲಿಗೆ ಪೆಟ್ಟು, ಅದರ ಬುಡದ ವಸಡು ಆಗಲೇ ಕೆಳಸರಿದಿದೆ. ಏಳನೆಯ ವಯಸ್ಸಿಗೇ ಒಮ್ಮೆ ತೋರಿಸಬೇಕಿತ್ತಂತೆ.

ಕೊಟ್ಟದ್ದು ಬಾಯಲ್ಲಿ ಹಾಕಿ, ಬೇಕಾದಾಗ ತೆಗೆಯಬಹುದಾದ ಗುಲಾಬಿ ಪ್ಲೇಟು. ಅದರಲ್ಲಿನ ಸಣ್ಣ ಸ್ಪ್ರಿಂಗು ಹಲ್ಲನ್ನು ಹಿಂದಿನಿಂದ ಮೆಲ್ಲಗೆ ನೂಕುತ್ತದೆ. (ಮುಂದಿನ ಎರಡು ಹಲ್ಲುಗಳ ನಡುವಿನ ಸಂದಿಗೆ ಸದ್ಯ ಏನೂ ಬೇಡ; ಕೋರೆಹಲ್ಲು ಬಂದಾಗ ಬಹುತೇಕ ತಾನೇ ಮುಚ್ಚುತ್ತದೆ.)

ಆಯಿ ಖಡಕ್ ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ ಕೊಡುತ್ತಾಳೆ. ಊಟಕ್ಕೆ ತೆಗೆದಿಟ್ಟ ಪ್ಲೇಟು ಇವತ್ತು ಅರ್ಧ ಗಂಟೆ ಕಾಣೆ. ಸಿಕ್ಕಿದ್ದು ಶೇಂಗಾ ಚಟ್ನಿಯ ಡಬ್ಬಿಯಲ್ಲಿ.